ಸೆನ್ಸರ್ ಬದಲಿಸುವ ಮುನ್ನ

ಬೀದರ್, ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಹೈದರಾಬಾದಿಗೆ ಬರುವ ಹೆಚ್ಚಿನ ಲಾರಿಗಳು 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಪಟಾನ್‌ಚೆರು ಹಾದೇ ಹೋಗುತ್ತವೆ. ಪಾಶಮೈಲಾರಂ, ಬೊಲ್ಲಾರಂ ಕಾರ್ಖಾನೆಗಳ ಸರಕಿಗೂ ಹೆಚ್ಚಾಗಿ ಇದೇ ದಾರಿ. ಹಾಗಾಗಿ ಇಲ್ಲಿನ ಗ್ಯಾರೇಜಿನಲ್ಲಿ ಕ್ಯಾಬಿನ್ ಎತ್ತಿ ನಿಲ್ಲಿಸಿದ ಗಾಡಿಯ ಸುತ್ತ ತೆಲುಗು, ದಖನಿ, ಮರಾಠಿ, ಕನ್ನಡ ಎಲ್ಲವೂ ಕೇಳಿಸುತ್ತವೆ. ನಮ್ಮ ಕಡೆಯ ಡ್ರೈವರ್ ಬಂದರೆ ಮಾತು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: "ಅಣ್ಣಾ, ಮಿಸ್ಸಿಂಗ್ ಹೊಡೀಲಿಕ್ಕತ್ತದ, ಚೆಕ್ ಲೈಟ್ ಬಂದದ. ಯಾವ ಸೆನ್ಸರ್ ಹೋಗ್ಯದ ನೋಡ್ರಿ." ಸೆನ್ಸರ್ ಹೋಗಿದೆ ಎಂದು ಅವರು ಆಗಲೇ ತೀರ್ಮಾನಿಸಿರುತ್ತಾರೆ. ವರ್ಷಗಟ್ಟಲೆ ಈ ಕೆಲಸ ಮಾಡಿ ನನಗೆ ಖಾತ್ರಿಯಾದ ಮಾತು ಬೇರೆ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಸೆನ್ಸರ್ ಕೆಟ್ಟದ್ದಕ್ಕಿಂತ ಅದಕ್ಕೆ ಹೋಗುವ ವೈರು, ಕಪ್ಲರ್, ಅರ್ತ್ ಕೆಟ್ಟದ್ದೇ ಹೆಚ್ಚು.

ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಮಿಸ್ಸಿಂಗ್ ಹುಡುಕುವುದು ಕಿವಿಯ ಕೆಲಸವಾಗಿತ್ತು. ಬೆಂಗಳೂರಿನ ಮೈಕೋ ಪಂಪುಗಳ ಕಾಲ ಅದು. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ಟು ಸಡಿಲಿಸುತ್ತ ಹೋಗುತ್ತಿದ್ದೆವು. ಸಡಿಲಿಸಿದಾಗ ಶಬ್ದ ಕುಗ್ಗಿದರೆ ಆ ಸಿಲಿಂಡರು ಸರಿಯಿದೆ, ಏನೂ ಬದಲಾಗದಿದ್ದರೆ ಸತ್ತಿರುವುದು ಅದೇ. ಇಂದಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಅಪ್ಪಿತಪ್ಪಿಯೂ ಇದನ್ನು ಮಾಡಬಾರದು. ಆ ಪೈಪುಗಳಲ್ಲಿ 1,600 ಬಾರ್‌ಗೂ ಮಿಕ್ಕಿದ ಒತ್ತಡದಲ್ಲಿ ಡೀಸೆಲ್ ಇರಬಹುದು. ಸಣ್ಣ ಸಂದಿಯಿಂದ ಚಿಮ್ಮಿದ ಧಾರೆ ಚರ್ಮ ಸೀಳಿ ಒಳಗೆ ಹೊಕ್ಕುಬಿಡುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ಆಪರೇಷನ್ ಮಾಡಿಸದಿದ್ದರೆ ಬೆರಳೋ ಕೈಯೋ ಹೋಗುವ ಅಪಾಯವಿದೆ. ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲ ದಿನವೇ ಹೇಳುವ ಮಾತು ಇದು. ಈಗ ಸ್ಕ್ಯಾನರ್ ಹಾಕಿ ಒಂದೊಂದೇ ಇಂಜೆಕ್ಟರನ್ನು ಬಂದ್ ಮಾಡಿ ನೋಡಬಹುದು. ಕಿವಿಗೆ ಈಗಲೂ ಅಷ್ಟೇ ಕೆಲಸವಿದೆ, ಸ್ಪ್ಯಾನರ್ ಮಾತ್ರ ಬೇಡ.

ಸ್ಕ್ಯಾನರಿನಲ್ಲಿ ಬರುವ ಕೋಡನ್ನು ಪೂರ್ತಿ ಓದುವವರು ಕಡಿಮೆ. ಲಾರಿಯ ಕೋಡಿಗೆ ಎರಡು ಭಾಗ. ಎಸ್‌ಪಿಎನ್ ಅಂಕಿ ಯಾವ ಜಾಗ ಎಂದು ಹೇಳುತ್ತದೆ, ಎಫ್‌ಎಂಐ ಅಂಕಿ ಯಾವ ಬಗೆಯ ದೋಷ ಎಂದು ಹೇಳುತ್ತದೆ. ಎಸ್‌ಪಿಎನ್ 157 ಅಂದರೆ ರೈಲ್ ಪ್ರೆಶರ್, ಇಂಜೆಕ್ಟರುಗಳಿಗೆ ಹೋಗುವ ಡೀಸೆಲಿನ ಒತ್ತಡ. ಅದರ ಜೊತೆ ಎಫ್‌ಎಂಐ 3 ಬಂದರೆ ವೋಲ್ಟೇಜ್ ಹೆಚ್ಚು, 4 ಬಂದರೆ ಕಡಿಮೆ. ಎರಡೂ ಕರೆಂಟಿನ ಕಡೆಯ ದೂರುಗಳು. ಅದೇ 157ರ ಜೊತೆ 1 ಬಂದರೆ ಒತ್ತಡವೇ ನಿಜವಾಗಿ ಕಡಿಮೆ ಇದೆ ಎಂದರ್ಥ. ಆಗ ಸೆನ್ಸರ್ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ನೋಡಬೇಕಾದ್ದು ಡೀಸೆಲ್ ಫಿಲ್ಟರ್, ಎಲ್ಲಿಂದಾದರೂ ಏರ್ ಎಳೆಯುತ್ತಿದೆಯೇ, ಇಂಜೆಕ್ಟರಿನ ರಿಟರ್ನ್ ಹೆಚ್ಚಾಗಿದೆಯೇ ಎಂಬುದನ್ನು. ಎರಡನೇ ಅಂಕಿ ಓದದೆ 157 ಕಂಡ ಕೂಡಲೇ ಹೊಸ ಸೆನ್ಸರ್ ತರಿಸಿದರೆ ಮಾಲೀಕನ ದುಡ್ಡು ಹೋಯಿತು, ದೋಷ ಗಾಡಿಯಲ್ಲೇ ಉಳಿಯಿತು.

ಹುಮನಾಬಾದ್ ಕಡೆಯ ಹನ್ನೆರಡು ಚಕ್ರದ ಗಾಡಿಯೊಂದು ಹಾಗೆಯೇ ಬಂದಿತ್ತು. ಬೇರೊಂದು ಕಡೆ ರೈಲ್ ಸೆನ್ಸರ್ ಬದಲಿಸಿಯಾಗಿತ್ತು, ತೊಂದರೆ ಹೋಗಿರಲಿಲ್ಲ. ಸ್ಕ್ಯಾನರಿನಲ್ಲಿ ರೈಲ್ ಪ್ರೆಶರ್, ಬೂಸ್ಟ್, ಆಯಿಲ್ ಪ್ರೆಶರ್ ಮೂರೂ ಒಟ್ಟಿಗೆ, ಮೂರಕ್ಕೂ ಎಫ್‌ಎಂಐ 4. ನಾನು ಮೊದಲು ಡ್ರೈವರನ್ನು ಕೇಳಿದೆ, ಯಾವಾಗ ಹೀಗಾಗುತ್ತದೆ ಎಂದು. "ಗುಂಡಿಗೆ ಬಿದ್ರ ಪಿಕಪ್ ಹೋಗ್ತದ ಅಣ್ಣಾ. ಒಮ್ಮೊಮ್ಮೆ ತಾನೇ ಸುದ್ದ ಆಗ್ತದ," ಅಂದ. ಅರ್ಧ ಕೆಲಸ ಆ ಮಾತಿನಲ್ಲೇ ಮುಗಿದಿತ್ತು. ಮೂರು ಸೆನ್ಸರ್ ಒಂದೇ ದಿನ ಕೆಡುವುದಿಲ್ಲ, ಕೆಟ್ಟರೂ ಗುಂಡಿ ನೋಡಿ ಕೆಡುವುದಿಲ್ಲ. ಆ ಎಂಜಿನ್ನಿನಲ್ಲಿ ಮೂರಕ್ಕೂ ಅದರ ಕಂಪ್ಯೂಟರಾದ ಇಸಿಯುನಿಂದ ಬರುವ 5 ವೋಲ್ಟ್ ಒಂದೇ. ಮನೆಯ ಒಂದೇ ಫ್ಯೂಜಿನ ಮೇಲೆ ಮೂರು ಕೋಣೆಗಳ ದೀಪ ಇದ್ದ ಹಾಗೆ: ಒಂದು ಕಡೆ ಶಾರ್ಟ್ ಆದರೆ ಮೂರೂ ಕತ್ತಲು.

ರೈಲ್ ಸೆನ್ಸರಿನ ಕಪ್ಲರ್ ಕಿತ್ತು, ಇಗ್ನಿಷನ್ ಆನ್ ಮಾಡಿ ಮೀಟರ್ ಹಿಡಿದೆ. 5 ವೋಲ್ಟ್ ಇರಬೇಕಾದ ಪಿನ್ನಿನಲ್ಲಿ 1 ವೋಲ್ಟೂ ಇಲ್ಲ. ಉಳಿದೆರಡು ಕಪ್ಲರುಗಳನ್ನೂ ಕಿತ್ತೆ. ಸೆನ್ಸರೊಂದರ ಒಳಗೆ ಶಾರ್ಟ್ ಆಗಿದ್ದಿದ್ದರೆ ಅದನ್ನು ಬಿಡಿಸಿದ ಕೂಡಲೇ 5 ವೋಲ್ಟ್ ಮರಳಬೇಕಿತ್ತು, ಮರಳಲಿಲ್ಲ. ಅಲ್ಲಿಗೆ ಸೆನ್ಸರುಗಳ ಮಾತು ಮುಗಿಯಿತು, ಉಳಿದದ್ದು ವೈರಿಂಗ್. ಹುಡುಗನೊಬ್ಬನಿಗೆ ಮೀಟರ್ ನೋಡುತ್ತಿರು ಎಂದು ಹೇಳಿ ನಾನು ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋದೆ. ಎಂಜಿನ್ನಿನ ಹಿಂಬದಿಯ ಬ್ರಾಕೆಟ್ ಹತ್ತಿರ "ಬಂತು, ಹೋಯ್ತು" ಎಂದು ಹುಡುಗ ಕೂಗಿದ. ಕ್ಲಿಪ್ಪು ಮುರಿದು, ವೈರು ಕಬ್ಬಿಣಕ್ಕೆ ಉಜ್ಜಿ, ತಾಮ್ರ ಹೊರಗೆ ಬಂದಿತ್ತು. ಬೆಸುಗೆ ಹಾಕಿ, ಸ್ಲೀವ್ ಹೊದಿಸಿ, ಉಜ್ಜದ ಹಾಗೆ ಹೊಸ ಕ್ಲಿಪ್ಪಿನಲ್ಲಿ ಕಟ್ಟಿದೆವು.

ಇನ್ನೊಂದು ಬಗೆಯ ಮೋಸವೂ ಉಂಟು. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಹೊಡೆಯುತ್ತದೆ. ಆದರೆ ಆ ಒಂದು ಎಳೆ ಕರೆಂಟ್ ಹೊರಲಾರದು. ಪವರ್ ಮತ್ತು ಅರ್ತ್ ವೈರುಗಳ ಮೇಲೆ ಸಂಶಯ ಬಂದರೆ ಇಸಿಯು ಕಪ್ಲರ್ ಬಿಡಿಸಿ, ಆ ವೈರಿನ ಮೂಲಕ 24 ವೋಲ್ಟಿನ ಬಲ್ಬು ಉರಿಸಿ ನೋಡುತ್ತೇನೆ. ಮಂಕಾಗಿ ಉರಿದರೆ ವೈರು ಸತ್ತಿದೆ. ಮಳೆಗಾಲದಲ್ಲಿ, ವಾಟರ್ ಸರ್ವಿಸ್ ಆದ ಮೇಲೆ ಬರುವ ಗಾಡಿಗಳಲ್ಲಿ ಕಪ್ಲರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಗೋದಾಮಿನ ಮುಂದೆ ದಿನಗಟ್ಟಲೆ ನಿಂತ ಗಾಡಿಯಾದರೆ ಇಲಿ ಕಡಿದ ಗುರುತು.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರಿನ ದೂರು ಸೇರಿಕೊಂಡಿತು. ಇಲ್ಲಿಯೂ ಬಹಳ ಸಲ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ. ಆ ಹೊಗೆ ಶುದ್ಧಿಗೆ ಗಾಡಿಗೆ ಹಾಕುವ, ಡ್ರೈವರುಗಳು ಯೂರಿಯಾ ಎನ್ನುವ ದ್ರವದಲ್ಲಿ ಯೂರಿಯಾ ಶೇ. 32.5 ಇರಬೇಕು, ಉಳಿದದ್ದು ಶುದ್ಧ ನೀರು. ರಸ್ತೆ ಬದಿಯ ಅಗ್ಗದ ಕ್ಯಾನಿನಲ್ಲಿ ಅದು ತೆಳುವಾಗಿದ್ದರೆ ಹೊಗೆಯಲ್ಲಿನ ವಿಷ ಇಳಿಯುವುದಿಲ್ಲ, ಗಾಡಿ ಎಳೆತ ತಗ್ಗಿಸಿಕೊಳ್ಳುತ್ತದೆ. ಟ್ಯಾಂಕಿನಿಂದ ಎರಡು ಹನಿ ತೆಗೆದು ರಿಫ್ರ್ಯಾಕ್ಟೋಮೀಟರಿಗೆ ಹಾಕಿದರೆ ನಿಮಿಷದಲ್ಲಿ ಗೊತ್ತಾಗುತ್ತದೆ. ದುಬಾರಿ ಸೆನ್ಸರಿಗೆ ಆರ್ಡರ್ ಕೊಡುವ ಮುನ್ನ ಅಷ್ಟಾದರೂ ನೋಡಬೇಡವೇ?

ಇಷ್ಟೆಲ್ಲ ಗೊತ್ತಿದ್ದೂ ಗ್ಯಾರೇಜಿನವರು ಸೆನ್ಸರ್ ಬದಲಿಸುವುದೇಕೆ? ಮಾಲೀಕರು ಸಾಮಾನಿಗೆ ಬಿಲ್ ಕೇಳಿ ದುಡ್ಡು ಕೊಡುತ್ತಾರೆ, ಹುಡುಕಿದ್ದಕ್ಕೆ ಕೊಡಲು ಮನಸ್ಸು ಮಾಡುವುದಿಲ್ಲ. ಆ ಹುಮನಾಬಾದ್ ಗಾಡಿಯ ಮಾಲೀಕರೂ ಫೋನಿನಲ್ಲಿ ಕೇಳಿದರು, "ಒಂದು ವೈರ್ ಜೋಡಿಸಿದ್ದಕ್ಕ ಇಷ್ಟ್ಯಾಕ್ರಿ?" ಅರ್ಧ ದಿನದ ಹುಡುಕಾಟವನ್ನು ಒಂದೊಂದಾಗಿ ವಿವರಿಸಿದೆ, ಒಪ್ಪಿದರು. ಈ ಜಗ್ಗಾಟ ಬೇಡವೆಂದು ಈಗ ಗಾಡಿ ಒಳಗೆ ಬಂದಾಗಲೇ ಹುಡುಕುವ ಮಜೂರಿ ಇಷ್ಟು, ಸಾಮಾನು ಬೇಕಾದರೆ ಅದರ ಲೆಕ್ಕ ಬೇರೆ ಎಂದು ಹೇಳಿಬಿಡುತ್ತೇನೆ. ಮೀಟರಿನ ಅಂಕಿಗಳನ್ನು ಜಾಬ್ ಕಾರ್ಡಿನ ಮೇಲೆ ಬರೆದು ಅದರ ಫೋಟೊ ಮಾಲೀಕರಿಗೆ ಕಳಿಸುತ್ತೇನೆ. ಕೆಲವರು ಆ ಮಾತು ಕೇಳಿ ಗಾಡಿ ಹಿಂದಕ್ಕೆ ತೆಗೆದುಕೊಂಡು ಹೋಗುತ್ತಾರೆ. ಒಪ್ಪಿ ಉಳಿದವರ ಗಾಡಿಯಲ್ಲಿ ಅಳತೆ ಮಾಡದೆ ಯಾವ ಸೆನ್ಸರನ್ನೂ ನಾನು ಬಿಚ್ಚುವುದಿಲ್ಲ.