ಶ್ರದ್ಧೆ ಮತ್ತು ದುಡಿಮೆ

ಮನುಷ್ಯನು ಹೊಟ್ಟೆಪಾಡಿಗಾಗಿ ದುಡಿಯುತ್ತಾನೆ ಎಂಬ ಮಾತು ನಿಜ. ಆದರೆ ಅದು ಪೂರ್ಣ ಸತ್ಯವಲ್ಲ. ಒಂದೇ ಸೂರಿನಡಿಯಲ್ಲಿ ಒಂದೇ ಕೂಲಿಗೆ ದುಡಿಯುವ ಇಬ್ಬರಲ್ಲಿ ಒಬ್ಬನು ಕೆಲಸವನ್ನು ಹೊರೆಯೆಂದು ಭಾವಿಸಿದರೆ, ಮತ್ತೊಬ್ಬನು ಅದನ್ನು ದೇವರಿಗೆ ಸಲ್ಲಿಸುವ ಸೇವೆಯೆಂದು ಬಗೆಯುತ್ತಾನೆ. ಯಾವ ಕೆಲಸ ಮೇಲು, ಯಾವುದು ಕೀಳು. ಯಾರ ಪಕ್ಕದಲ್ಲಿ ನಿಂತು ದುಡಿಯಬಹುದು, ಯಾರ ಪಕ್ಕದಲ್ಲಿ ಕೂಡದು. ಯಾವ ದಿನ ದುಡಿಮೆ, ಯಾವ ದಿನ ವಿರಾಮ ಎಂಬುದನ್ನೆಲ್ಲ ಬಹುಕಾಲದವರೆಗೆ ಧರ್ಮ ಮತ್ತು ಸಂಪ್ರದಾಯಗಳೇ ತೀರ್ಮಾನಿಸುತ್ತಿದ್ದವು. ಶ್ರದ್ಧೆಯು ದುಡಿಯುವವನ ಕೈಗೆ ಬಲವನ್ನು ಕೊಡಬಲ್ಲದು. ದುಡಿಯಲು ಬಂದವನ ಎದುರಿಗೆ ಬಾಗಿಲನ್ನು ಮುಚ್ಚಲೂಬಲ್ಲದು. ಮಂಗಳೂರಿನ ಹೆಂಚಿನ ಕಾರ್ಖಾನೆಯ ಚರಿತ್ರೆಯಲ್ಲಿ ಇವೆರಡೂ ಒಟ್ಟಿಗೆ ಕಾಣಸಿಗುತ್ತವೆ. ಆದರೆ ಆ ಚರಿತ್ರೆಗೆ ಬರುವ ಮುನ್ನ ಎರಡು ಹಳೆಯ ವಿಚಾರಗಳನ್ನು ಸ್ಮರಿಸುವುದು ಅಗತ್ಯ.

ಮೊದಲನೆಯದು ಕನ್ನಡ ನಾಡಿನದೇ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರ ಹೆಸರುಗಳನ್ನು ಗಮನಿಸಿರಿ. ಅಂಬಿಗರ ಚೌಡಯ್ಯ ದೋಣಿ ನಡೆಸುವವನು. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವನು. ಮೇದಾರ ಕೇತಯ್ಯ ಬಿದಿರಿನ ಬುಟ್ಟಿ ಹೆಣೆಯುವವನು. ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ಸಮಾಜವು ಕೀಳೆಂದು ಕರೆದಿದ್ದ ವೃತ್ತಿಗಳ ಹೆಸರನ್ನು ಇವರು ಮರೆಮಾಚಲಿಲ್ಲ, ಬಿರುದಿನಂತೆ ಧರಿಸಿಕೊಂಡರು. ಸತ್ಯಶುದ್ಧವಾಗಿ ಮಾಡಿದ ಕೆಲಸವೇ ಪೂಜೆ ಎಂಬ ಕಾಯಕ ತತ್ತ್ವವೂ, ಆ ಗಳಿಕೆಯನ್ನು ಸಮಾಜದೊಡನೆ ಹಂಚಿಕೊಳ್ಳಬೇಕೆಂಬ ದಾಸೋಹ ತತ್ತ್ವವೂ ಅವರ ಬಾಳಿನಲ್ಲಿ ಜೊತೆಜೊತೆಯಾಗಿಯೇ ಇದ್ದವು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಅವನ ಪತ್ನಿ ಲಕ್ಕಮ್ಮ ಹೇಳಿದಳೆಂದು ಪ್ರತೀತಿ. ಇಂದು ಕಾಯಕದ ಮಹಿಮೆಯನ್ನು ಸಾರುವ ಫಲಕಗಳು ಕಚೇರಿಗಳ ಗೋಡೆಗಳ ಮೇಲೆ ಬೇಕಾದಷ್ಟು ಕಾಣುತ್ತವೆ. ಲಕ್ಕಮ್ಮನ ಈ ಮಾತನ್ನು ಬರೆಸಿದ ಗೋಡೆಗಳು ಮಾತ್ರ ವಿರಳ.

ಎರಡನೆಯದು ಇದಕ್ಕೆ ಸುಮಾರು ನಾಲ್ಕು ಶತಮಾನಗಳ ಬಳಿಕ ಜರ್ಮನಿಯಲ್ಲಿ ಮೂಡಿದ ವಿಚಾರ. ಕ್ರೈಸ್ತಧರ್ಮದ ಸುಧಾರಕನಾದ ಮಾರ್ಟಿನ್ ಲೂಥರನು ಮಠದಲ್ಲಿ ಕುಳಿತು ಪ್ರಾರ್ಥಿಸುವ ಸನ್ಯಾಸಿಯ ಜೀವನಕ್ಕಿಂತ ಚಮ್ಮಾರನ ಅಥವಾ ರೈತನ ಜೀವನ ದೇವರಿಗೆ ಕಡಮೆ ಪ್ರಿಯವಾದುದೇನಲ್ಲ ಎಂದು ಬೋಧಿಸಿದನು. ಜರ್ಮನ್ ಭಾಷೆಯಲ್ಲಿ ವೃತ್ತಿಗೆ 'ಬೆರೂಫ್' ಎಂಬ ಪದವಿದೆ. 'ಕರೆ' ಎಂಬುದು ಅದರ ಮೂಲಾರ್ಥ. ದೇವರು ಕರೆದು ಒಪ್ಪಿಸಿದ ಕೆಲಸವೇ ವೃತ್ತಿ ಎಂಬ ಭಾವ ಆ ಪದದಲ್ಲಿ ನೆಲೆಗೊಂಡಿತು. 1904-05ರಲ್ಲಿ ಮ್ಯಾಕ್ಸ್ ವೇಬರ್ ಎಂಬ ಸಮಾಜಶಾಸ್ತ್ರಜ್ಞನು, ಯೂರೋಪಿನ ಆಧುನಿಕ ಉದ್ಯಮಶೀಲತೆಯ ಬೆಳವಣಿಗೆಗೆ ಪ್ರಾಟೆಸ್ಟಂಟರ ಈ ಶ್ರದ್ಧೆಯೂ ಒಂದು ಕಾರಣವೆಂದು ವಾದಿಸಿದನು. ಅವನ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಮನಸ್ಸಿನಲ್ಲಿ ನೆಲೆಯೂರಿದ ನಂಬಿಕೆ ಅಂಗಡಿಯ ಲೆಕ್ಕದ ಪುಸ್ತಕದವರೆಗೂ ಹರಿದುಬರುತ್ತದೆಂಬ ಅವನ ಮುಖ್ಯ ಮಾತು ಅಲಕ್ಷಿಸತಕ್ಕುದಲ್ಲ.

ಇಂಥ ಶ್ರದ್ಧೆಯನ್ನು ಹೊತ್ತವರೇ ಕರಾವಳಿಗೆ ಬಂದರು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಗೊಂಡ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಕಾಲಿರಿಸಿದರು. ಮಿಷನ್ನಿನ ಪಾದ್ರಿಗಳಲ್ಲಿ ಅನೇಕರು ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದವರು. ರೈತರ, ಕುಶಲಕರ್ಮಿಗಳ ಮನೆಗಳಲ್ಲಿ ಹುಟ್ಟಿ ಬೆಳೆದವರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದೂ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಮಿಷನ್ನಿನಿಂದಲೇ ಎಂಬುದು ಕನ್ನಡಿಗರೆಲ್ಲರಿಗೂ ತಿಳಿದ ವಿಷಯ. ಅದರ ಕಾರ್ಖಾನೆಗಳ ಕಥೆ ಅಷ್ಟು ಪರಿಚಿತವಲ್ಲ.

ತುಳುನಾಡಿನಲ್ಲಿ ಈ ಹೊಸ ಮತವನ್ನು ಸ್ವೀಕರಿಸಿದವರಲ್ಲಿ ಬಿಲ್ಲವರ ಸಂಖ್ಯೆ ಹೆಚ್ಚು. ತಾಳೆ, ತೆಂಗುಗಳಿಂದ ಕಳ್ಳು ಇಳಿಸುವುದು ಅವರಲ್ಲಿ ಅನೇಕರ ಪರಂಪರಾಗತ ವೃತ್ತಿ. ಮತಾಂತರ ಹೊಂದಿದ ದಿನವೇ ಅಂಥವನ ಜೀವನ ತಲೆಕೆಳಗಾಗುತ್ತಿತ್ತು. ಕುಟುಂಬದವರು ಅವನನ್ನು ಹೊರಗೆ ಹಾಕುತ್ತಿದ್ದರು. ಗೇಣಿಯ ಭೂಮಿ ಕೈತಪ್ಪುತ್ತಿತ್ತು. ಇನ್ನು ಕುಲಕಸುಬನ್ನಾದರೂ ಮುಂದುವರಿಸೋಣವೆಂದರೆ, ಕಳ್ಳಿನ ವ್ಯವಹಾರ ಪಾಪವೆಂದು ಮಿಷನ್ನೇ ಅದನ್ನು ನಿಷೇಧಿಸಿತ್ತು. ಹಳೆಯ ಧರ್ಮ ಹೊರಗೆ ತಳ್ಳಿತು. ಹೊಸ ಧರ್ಮ ಕೈಯಲ್ಲಿದ್ದ ಕತ್ತಿಯನ್ನು ಕಿತ್ತುಕೊಂಡಿತು. ನಂಬಿಕೆ ಬದಲಾಯಿಸಿದವನು ನಿರುದ್ಯೋಗಿಯಾದನು. ಇವರಿಗೆ ಅನ್ನದ ದಾರಿಯನ್ನು ತೋರಿಸುವ ಹೊಣೆ ಪಾದ್ರಿಗಳ ಮೇಲೆಯೇ ಬಿದ್ದಿತು. ಬೇಸಾಯವನ್ನು ಪ್ರಯತ್ನಿಸಿದ್ದಾಯಿತು, ಅದು ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಬಳಿಕ ನೇಯ್ಗೆಯನ್ನು ಕೈಗೊಂಡರು. 1851ರಲ್ಲಿ ಬಂದ ಹಾಲರ್ ಎಂಬಾತನು ಯೂರೋಪಿನ ಮಗ್ಗಗಳನ್ನು ಪರಿಚಯಿಸಿ ಬಟ್ಟೆಗಳ ಬಣ್ಣದಲ್ಲಿ ಪ್ರಯೋಗ ನಡೆಸಿದನು. (ಖಾಕಿ ಬಣ್ಣ ಮೊದಲು ಸಿದ್ಧವಾದದ್ದು ಮಂಗಳೂರಿನಲ್ಲಿಯೇ ಎಂದು ಹೆಮ್ಮೆಪಡುವವರುಂಟು, ಉತ್ತರ ಭಾರತದ ಸೈನಿಕರು ಅದಕ್ಕೂ ಮೊದಲೇ ಆ ಬಣ್ಣವನ್ನು ಬಳಸುತ್ತಿದ್ದರೆಂದು ವಾದಿಸುವವರೂ ಉಂಟು.)

1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬುವನು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದನು. ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣು ಹೆಂಚಿಗೆ ಹೇಳಿ ಮಾಡಿಸಿದಂತಿತ್ತು. ಉರುವಲು ಸಮೀಪದಲ್ಲಿಯೇ ಸಿಗುತ್ತಿತ್ತು, ಬಂದರೂ ಹತ್ತಿರ. ಮುಳಿಹುಲ್ಲಿನ ಮಾಡು ವರ್ಷವರ್ಷವೂ ಕೊಳೆಯುತ್ತಿದ್ದ, ಬೇಸಗೆಯಲ್ಲಿ ಬೆಂಕಿಗೆ ಆಹುತಿಯಾಗುತ್ತಿದ್ದ ಆ ಸೀಮೆಯಲ್ಲಿ ಕೆಂಪು ಹೆಂಚಿಗೆ ಬೇಡಿಕೆ ಏರತೊಡಗಿತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಹಡಗುಗಳು ಹೆಂಚನ್ನು ಸಮುದ್ರದಾಚೆಗೂ ಹೊತ್ತು ನಡೆದವು. ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹೆಂಚನ್ನು ತಿರುವಿ ನೋಡಿದರೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಅಂಕಿಯೂ ಇಂದಿಗೂ ಕಾಣುತ್ತವೆ. ಅದು ಆ ಹೆಂಚನ್ನು ಸುಟ್ಟ ವರ್ಷವೆಂದು ಕೆಲವರು ಭ್ರಮಿಸುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ.

ಈ ಕಾರ್ಖಾನೆಯು ದುಡಿಮೆಯ ರೀತಿಯನ್ನೇ ಮಾರ್ಪಡಿಸಿತು. ಕಳ್ಳು ಇಳಿಸುವವನ ಹೊತ್ತನ್ನು ಮರ ನಿರ್ಧರಿಸುತ್ತಿತ್ತು. ಬೇಸಾಯಗಾರನ ಹೊತ್ತನ್ನು ಮಳೆ ನಿರ್ಧರಿಸುತ್ತಿತ್ತು. ಇಲ್ಲಿ ಅದನ್ನು ನಿರ್ಧರಿಸುವುದು ಗಂಟೆ. ಬೆಳಗ್ಗೆ ಪ್ರಾರ್ಥನೆ, ಅನಂತರ ಕೆಲಸ; ಭಾನುವಾರ ವಿರಾಮ ಮತ್ತು ಆರಾಧನೆ. ಹೊತ್ತಿಗೆ ಸರಿಯಾಗಿ ಬರುವುದು, ಕುಡಿಯದಿರುವುದು, ಕೂಲಿಯಲ್ಲಿ ಸ್ವಲ್ಪವನ್ನಾದರೂ ಉಳಿಸುವುದು, ಇವೆಲ್ಲ ಪಾದ್ರಿಗಳ ದೃಷ್ಟಿಯಲ್ಲಿ ಕಾರ್ಖಾನೆಯ ನಿಯಮಗಳು ಮಾತ್ರವಾಗಿರದೆ ಸದ್ಗುಣಗಳಾಗಿದ್ದವು. ಊರಿನಿಂದ ಹೊರಗಾದವನಿಗೆ ಇಲ್ಲಿ ಒಂದು ಊರು ದೊರಕಿತು. ಜಾತಿಯ ಹೆಸರಿನಿಂದ ಕೂಗಿಸಿಕೊಂಡವನು ಕೈಚಳಕದಿಂದ ಗುರುತಿಸಲ್ಪಟ್ಟನು. ಅಚ್ಚಿನ ಯಂತ್ರದ ಬಳಿ ನಿಂತವನಿಗೆ ಕೂಲಿಯ ಜೊತೆಗೆ ಮರ್ಯಾದೆಯೂ ಸಿಕ್ಕಿತು. ಆ ಮರ್ಯಾದೆಗಾಗಿ ಅವನು ಹೆಚ್ಚು ಶ್ರಮಿಸಿದನೆಂದರೆ ಆಶ್ಚರ್ಯವೇನಿದೆ?

ಆದರೆ ಚಿತ್ರದ ಮತ್ತೊಂದು ಮಗ್ಗುಲನ್ನು ನೋಡದೆ ಹೋದರೆ ನ್ಯಾಯವಾಗದು. ಕೆಲಸ ಕೊಟ್ಟವರು ಮಿಷನ್ನಿನವರು. ಎಷ್ಟೋ ಮಂದಿಗೆ ವಾಸಕ್ಕೆ ನೆಲ, ಮನೆ ಕೊಟ್ಟವರೂ ಅವರೇ. ಇಗರ್ಜಿಯಲ್ಲಿ ಬೋಧಿಸಿದವರೂ ಅವರೇ. ಧಣಿ, ಒಡೆಯ, ಗುರು ಮೂವರೂ ಒಂದಾದಲ್ಲಿ ಕೆಲಸಗಾರನು ಯಾರ ಮೇಲೆ ಯಾರಲ್ಲಿ ದೂರಬೇಕು? ಇಗರ್ಜಿಗೆ ತಪ್ಪಿ ನಡೆದವನು ಕೆಲಸಕ್ಕೂ ಅಂಜಬೇಕಾಗಿತ್ತು; ಕೆಲಸದಲ್ಲಿ ಮುನಿಸಾದವನು ಇಗರ್ಜಿಯಲ್ಲಿಯೂ ತಲೆ ಎತ್ತುವುದು ಕಷ್ಟವಾಗಿತ್ತು. ಜನರು ದೇವರಿಗಾಗಿ ಬರುತ್ತಿದ್ದಾರೆಯೋ ಕೂಲಿಗಾಗಿಯೋ ಎಂಬ ಸಂಶಯ ಪಾದ್ರಿಗಳನ್ನೂ ಕಾಡಿತು. ವ್ಯಾಪಾರವು ಧರ್ಮಪ್ರಚಾರಕ್ಕೆ ತಕ್ಕ ಸಂಗಾತಿಯೇ ಎಂದು ಅವರೊಳಗೇ ಚರ್ಚೆಗಳು ನಡೆದವು. ಆ ಸಂಶಯಕ್ಕೆ ಸುಲಭವಾದ ಉತ್ತರವಿರಲಿಲ್ಲ. ಹಸಿದವನ ಮನಸ್ಸಿನಲ್ಲಿ ಭಕ್ತಿ ಎಷ್ಟು, ಅನ್ನದ ಆಸೆ ಎಷ್ಟು ಎಂದು ಅಳೆಯುವ ತಕ್ಕಡಿ ಯಾರ ಬಳಿಯಲ್ಲಿದೆ?

ಬಿಗಿಯಾಗಿದ್ದ ಈ ಕಟ್ಟನ್ನು ಸಡಿಲಿಸಿದ್ದು ಹೆಂಚಿನ ವ್ಯಾಪಾರವೇ. ಬೇಡಿಕೆ ಹೆಚ್ಚಿದಂತೆ ಕೈಗಳು ಹೆಚ್ಚು ಬೇಕಾದವು. ಮಿಷನ್ನಿನ ಸಭೆಗೆ ಸೇರದವರನ್ನೂ ಕೆಲಸಕ್ಕೆ ತೆಗೆದುಕೊಳ್ಳಬೇಕಾಯಿತು. ಹೆಂಗಸರೂ ಗೂಡೆ ಹೊತ್ತು ಹೆಂಚಿನ ಕೆಲಸಕ್ಕೆ ಇಳಿದರು. ಊಟದ ಪಂಕ್ತಿಯಲ್ಲಿ ಬೇರೆಬೇರೆಯಾಗಿದ್ದವರು ಒಂದೇ ಕುಲುಮೆಯ ಮುಂದೆ ನಿಂತರು. ಮಂಗಳೂರಿನ ಕ್ಯಾಥೊಲಿಕ್ ಮನೆತನವೊಂದರ ಆಲ್ಬುಕರ್ಕ್ ಸಂಸ್ಥೆ 1868ರಷ್ಟು ಹಿಂದೆಯೇ ತನ್ನ ಹೆಂಚಿನ ಕಾರ್ಖಾನೆಯನ್ನು ತೆರೆದಿತ್ತು. ಮುಂದೆ ಹಿಂದೂ ಉದ್ಯಮಿಗಳೂ ಈ ಕ್ಷೇತ್ರವನ್ನು ಪ್ರವೇಶಿಸಿದರು. ಒಂದು ಕಾರ್ಖಾನೆಯ ಕೂಲಿ ಸಾಲದಾದರೆ ಮತ್ತೊಂದರ ಬಾಗಿಲನ್ನು ತಟ್ಟಬಹುದಾಯಿತು. ಕೆಲಸಗಾರನಿಗೆ ಈ ಎರಡನೆಯ ಬಾಗಿಲು ಎಷ್ಟೋ ಉಪದೇಶಗಳಿಗಿಂತ ಹೆಚ್ಚಿನ ಸ್ವಾತಂತ್ರ್ಯವನ್ನು ಕೊಟ್ಟಿತೆನ್ನಬಹುದು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಲು, ಜರ್ಮನ್ ಪ್ರಜೆಗಳಾಗಿದ್ದ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರವು ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಧಣಿ ಮತ್ತು ಗುರು ಬೇರೆಯಾದರು. ಹೆಂಚು ಮೊದಲಿನಂತೆಯೇ ಬೇಯುತ್ತಿತ್ತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ದೊಡ್ಡ ಉದ್ಯಮಗಳು ತಲೆಯೆತ್ತಿದವು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಇವು ಒಂದು ಮತದ ಜನರಿಗಾಗಿ ಹುಟ್ಟಿದವಲ್ಲ. ನಾನಾ ಪ್ರಾಂತಗಳ, ನಾನಾ ಭಾಷೆಗಳ ಜನ ಇಲ್ಲಿ ಒಟ್ಟುಗೂಡಿದರು. ಆದರೆ ಧರ್ಮವನ್ನು ಗೇಟಿನ ಹೊರಗೆ ಕಳಚಿಟ್ಟು ಯಾರೂ ಒಳಗೆ ಬರುವುದಿಲ್ಲ. ನವರಾತ್ರಿಯ ಆಯುಧಪೂಜೆಯ ದಿನ ಕರ್ನಾಟಕದ ಕಾರ್ಯಾಗಾರಗಳನ್ನೂ ಬಸ್ ಡಿಪೋಗಳನ್ನೂ ನೋಡಿದವರಿಗೆ ಇದು ತಿಳಿದೀತು. ಯಂತ್ರಗಳನ್ನು ಒರೆಸಿ, ಎಣ್ಣೆ ಹಾಕಿ, ಹೂವು ಮುಡಿಸುತ್ತಾರೆ; ಬಸ್ಸುಗಳ ಮುಂದೆ ಬೂದುಗುಂಬಳ ಒಡೆಯುತ್ತಾರೆ. ತನಗೆ ಅನ್ನ ಕೊಡುವ ಉಪಕರಣಕ್ಕೆ ವರ್ಷಕ್ಕೊಮ್ಮೆ ಕೈಮುಗಿಯುವವನು ಉಳಿದ ದಿನಗಳಲ್ಲಿ ಅದನ್ನು ಒರಟಾಗಿ ನಡೆಸಿಕೊಳ್ಳಲಾರನೆಂಬ ನಂಬಿಕೆ ಇದರ ಹಿಂದಿದೆ. ಅನ್ಯಧರ್ಮದ ಕೆಲಸಗಾರರು ಎಷ್ಟೋ ಕಡೆ ಯಂತ್ರವನ್ನು ಶುಚಿಗೊಳಿಸುವುದರಲ್ಲಿ, ಸಿಹಿ ಹಂಚುವುದರಲ್ಲಿ ಸಂತೋಷದಿಂದ ಪಾಲುಗೊಳ್ಳುತ್ತಾರೆ. ಪೂಜೆಗೆ ನಿಲ್ಲಲು ಮನಸ್ಸೊಪ್ಪದವನನ್ನು ಒತ್ತಾಯಿಸಿದರೆ ಮಾತ್ರ, ಉತ್ಸಾಹದ ಹಬ್ಬವೇ ಅವನಿಗೆ ಅವಮಾನದ ದಿನವಾಗುತ್ತದೆ. ರಂಜಾನ್ ತಿಂಗಳಿನಲ್ಲಿ ಉಪವಾಸವಿದ್ದು ಕುಲುಮೆಯ ಮುಂದೆ ನಿಲ್ಲುವವನ ಬಾಯಾರಿಕೆಯನ್ನು ಅರಿತು ಪಾಳಿಯನ್ನು ಬದಲಾಯಿಸಿಕೊಡುವ ಸಂಗಾತಿ, ದೀಪಾವಳಿಯ ದಿನ ಆ ಉಪಕಾರವನ್ನು ಮರಳಿ ಪಡೆಯುತ್ತಾನೆ. ಇಂಥ ಕೊಡುಕೊಳ್ಳುವಿಕೆಯನ್ನು ಯಾವ ಮೇಲಧಿಕಾರಿಯೂ ಆಜ್ಞೆಯಿಂದ ಹುಟ್ಟಿಸಲಾರನು. ಕೆಡಿಸುವುದು ಮಾತ್ರ ಸುಲಭ.

ಕಾಯಿದೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. 1963ರಲ್ಲಿ ರಾಜ್ಯವು ಜಾರಿಗೆ ತಂದ ಕಾಯಿದೆಯೊಂದು ಕಾರ್ಖಾನೆಗಳ ಕೆಲಸಗಾರರಿಗೆ ರಾಷ್ಟ್ರೀಯ ದಿನಗಳ ಜೊತೆಗೆ ಹಬ್ಬಗಳಿಗೂ ಸಂಬಳ ಸಹಿತ ರಜೆಯನ್ನು ವಿಧಿಸಿತು. ಬಾಸೆಲ್ ಮಿಷನ್ನಿನ ಕಾಲದಲ್ಲಿ ಧಣಿಯ ಧರ್ಮವು ನಿಶ್ಚಯಿಸುತ್ತಿದ್ದ ವಿರಾಮದ ದಿನ ಈಗ ಕೆಲಸಗಾರನ ಹಕ್ಕಾಯಿತು. ಇದಕ್ಕೂ ಮೊದಲೇ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 16ನೆಯ ಅನುಚ್ಛೇದವು ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮೊದಲಾದವುಗಳ ಕಾರಣದಿಂದ ಯಾವ ಪ್ರಜೆಗೂ ಸರ್ಕಾರಿ ನೌಕರಿಯನ್ನು ನಿರಾಕರಿಸಕೂಡದೆಂದು ಸಾರಿತ್ತು. ಅದೇ ಅನುಚ್ಛೇದದಲ್ಲಿ ಒಂದು ಸಣ್ಣ ವಿನಾಯಿತಿಯೂ ಇದೆ. ದೇವಾಲಯವೇ ಮೊದಲಾದ ಧಾರ್ಮಿಕ ಸಂಸ್ಥೆಗಳ ವ್ಯವಹಾರಕ್ಕೆ ಸಂಬಂಧಿಸಿದ ಹುದ್ದೆಯಲ್ಲಿರುವವನು ಆ ಧರ್ಮಕ್ಕೇ ಸೇರಿದವನಾಗಿರಬೇಕೆಂದು ಕಾನೂನು ವಿಧಿಸಬಹುದು. ಪೂಜೆಯ ಕೆಲಸಕ್ಕೆ ಭಕ್ತನನ್ನು ಹುಡುಕುವುದು ಸಹಜವೇ. ಮಣ್ಣನ್ನು ಅರೆದು, ಅಚ್ಚಿಗೆ ಹಾಕಿ, ಸುಟ್ಟು ಹೆಂಚು ಮಾಡುವ ಕೆಲಸಕ್ಕೆ ಬಂದವನನ್ನು ನಿನ್ನ ದೇವರು ಯಾರೆಂದು ಕೇಳುವ ಅಧಿಕಾರವನ್ನು ಸಂವಿಧಾನವು ಸರ್ಕಾರಕ್ಕೆ ಕೊಟ್ಟಿಲ್ಲ.