ಕಾಲು ಹೆಣೆದು ನಿಲ್ಲುವ ಮಗು

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ ಆರು ವರ್ಷ, ಒಂದನೇ ತರಗತಿ. ಹದಿನೈದು ದಿನದಿಂದ ಒಂದಕ್ಕೆ ಹೋಗಲು ಅಳುತ್ತಾಳೆ. ಕಾಲು ಹೆಣೆದುಕೊಂಡು ನಿಲ್ಲುತ್ತಾಳೆ, ಕೂರಿಸಿದರೆ ನಾಲ್ಕು ಹನಿ ಬಿಟ್ಟು ‘ಉರಿ’ ಅಂತ ಎದ್ದುಬಿಡುತ್ತಾಳೆ. ಜ್ವರ ಇಲ್ಲ. ಶಾಲೆಯಲ್ಲಿ ಸಂಜೆವರೆಗೂ ಹೋಗುವುದೇ ಇಲ್ಲವಂತೆ. ನಮ್ಮತ್ತೆ ಉಷ್ಣ ಅಂತ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ ಬಾರ್ಲಿ ನೀರು ಕುಡಿಸುತ್ತಿದ್ದಾರೆ. ಮೆಡಿಕಲ್ ಸ್ಟೋರಿನ ಸಿರಪ್ ಎರಡು ದಿನ ಕೊಟ್ಟೆ. ಕಡಿಮೆಯಾಗಿ ಮತ್ತೆ ಶುರುವಾಗಿದೆ.
– ಒಬ್ಬ ತಾಯಿ, ಪಂಚನಹಳ್ಳಿ, ಕಡೂರು ತಾಲ್ಲೂಕು

ಉತ್ತರ: ಹೊಕ್ಕುಳಿಗೆ ಹಚ್ಚಿದ ಎಣ್ಣೆಯಿಂದ ತೊಂದರೆಯಿಲ್ಲ. ಬಾರ್ಲಿ ನೀರೂ ಒಳ್ಳೆಯದೇ, ಅದರಲ್ಲಿ ನೀರಿದೆಯಲ್ಲ! ನನ್ನ ತಕರಾರು ಸಿರಪ್ಪಿನದು. ಅದು ಆ್ಯಂಟಿಬಯಾಟಿಕ್ ಆಗಿದ್ದರೆ, ಎರಡೇ ದಿನಕ್ಕೆ ನಿಲ್ಲಿಸಿದಾಗ ಸೋಂಕು ಪೂರ್ತಿ ಹೋಗದೆ ಮತ್ತೆ ತಲೆಯೆತ್ತಬಹುದು. ಪರೀಕ್ಷೆಯಲ್ಲಿ ರೋಗಾಣು ಸಿಗದೆಯೂ ಹೋಗಬಹುದು. ಆ ಬಾಟಲಿಯನ್ನು ವೈದ್ಯರಿಗೆ ತೋರಿಸಿ.

ಮೊದಲು ಮೂತ್ರ ಪರೀಕ್ಷೆ, ಜೊತೆಗೆ ರೋಗಾಣು ಬೆಳೆಸಿ ನೋಡುವ ಕಲ್ಚರ್. ಬರೀ ನೀರಿನಿಂದ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ. ಮನೆಯ ಜಾಮ್ ಬಾಟಲಿ ಬೇಡ. ಒಂದು ಗಂಟೆಯೊಳಗೆ ತಲುಪಿಸಿ. ಕಲ್ಚರ್ ಫಲಿತಾಂಶಕ್ಕೆ ಎರಡು ದಿನವಾದರೂ ಬೇಕು.

ಇನ್ನೊಂದು ಮಾತು. ಅವಳು ಎರಡಕ್ಕೆ ದಿನಾ ಹೋಗುತ್ತಾಳೆಯೇ? ಮೂತ್ರದ ತೊಂದರೆಗೆ ಬಂದವರಿಗೆ ಇದನ್ನು ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. ಮೂತ್ರಕೋಶದ ಬೆನ್ನಿಗೇ ಗುದನಾಳವಿದೆ. ಅಲ್ಲಿ ಗಟ್ಟಿ ಮಲ ತುಂಬಿಕೊಂಡರೆ ಮುಂದಿನ ಚೀಲವನ್ನು ಒತ್ತುತ್ತದೆ. ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ, ಉಳಿದದ್ದರಲ್ಲಿ ರೋಗಾಣು ಬೆಳೆಯುತ್ತವೆ. ಎಷ್ಟೋ ಮಕ್ಕಳಲ್ಲಿ ಮಲಬದ್ಧತೆ ಸರಿಹೋದ ಮೇಲೆಯೇ ಸೋಂಕು ಮರುಕಳಿಸುವುದು ನಿಲ್ಲುತ್ತದೆ. ಬಾಳೆಹಣ್ಣು, ಪರಂಗಿ, ಸೊಪ್ಪು ಕೊಡಿ. ರಾತ್ರಿ ಹಿಂದೆ ಕೆರೆದುಕೊಳ್ಳುತ್ತಿದ್ದರೆ ಜಂತುವಿಗೂ ಔಷಧಿ ಕೇಳಿ.

ಆರು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 200 ಮಿ.ಲೀ., ಒಂದು ಲೋಟ. ಅದನ್ನು ಸಂಜೆವರೆಗೆ ಬಿಗಿಹಿಡಿಯುವುದು ಸುಲಭವೇ? ಶೌಚಾಲಯದ ವಾಸನೆಗೋ ಚಿಲಕವಿಲ್ಲದ ಬಾಗಿಲಿಗೋ ಹೆದರಿ ನೀರು ಕುಡಿಯುವುದನ್ನೇ ಬಿಡುವ ಮಕ್ಕಳಿದ್ದಾರೆ. ನಿಮ್ಮದು ಬಯಲುಸೀಮೆ, ಬಿಸಿಲು ಬೇರೆ. ಟೀಚರ್ ಹತ್ತಿರ ಮಾತಾಡಿ: ಎರಡು ಮೂರು ಗಂಟೆಗೊಮ್ಮೆ, ಕಿರುಬೆರಳು ಎತ್ತುವುದನ್ನು ಕಾಯದೆ, ಗೆಳತಿಯ ಜೊತೆ ಕಳಿಸಲಿ. ದಿನಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಹೋಗಲಿ. ನಡುವೆ ಎಳನೀರು ಕೊಟ್ಟರೂ ಸರಿ.

ಉರಿಗೆ ಹೆದರಿ ಕಟ್ಟಿಕೊಂಡರೆ ಬೇಸಿನ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಕೂರಿಸಿ, ಅದರಲ್ಲೇ ಮಾಡಲಿ. ಚಡ್ಡಿ ಪೂರ್ತಿ ತೆಗೆದು, ಮಂಡಿ ಅಗಲಿಸಿ, ಆತುರವಿಲ್ಲದೆ ಕೂರಬೇಕು. ಒಮ್ಮೆ ಆದ ಮೇಲೆ ಇಪ್ಪತ್ತರವರೆಗೆ ಎಣಿಸಿ ಮತ್ತೊಮ್ಮೆ ಪ್ರಯತ್ನಿಸಲಿ. ಸೋಪು ಬೇಡ, ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಲಿ. ಗದರಿದರೆ ಇನ್ನಷ್ಟು ಬಿಗಿಹಿಡಿಯುತ್ತಾಳೆ.

ಚಳಿಜ್ವರ, ವಾಂತಿ, ಮೂತ್ರದಲ್ಲಿ ರಕ್ತ, ಮುಖದ ಬಾವು, ಕಾಲಿನಲ್ಲಿ ಬಲಹೀನತೆ ಕಂಡರೆ, ಅಥವಾ ಎಂಟು ಗಂಟೆಯಾದರೂ ಮೂತ್ರವಾಗದೆ ಕಿಬ್ಬೊಟ್ಟೆ ಉಬ್ಬಿದ್ದರೆ, ಬೆಳಗಾಗಲಿ ಅಂತ ಕಾಯದೆ ಕಡೂರಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಇವು ಯಾವುವೂ ಇಲ್ಲದಿದ್ದರೂ ಈ ವಾರವೇ ವೈದ್ಯರಿಗೆ ತೋರಿಸಿ. ಹದಿನೈದು ದಿನ ಆಗಲೇ ಕಳೆದಿದೆ.