ವಿದೇಶದಲ್ಲಿ ಸೌಂದರ್ಯ ಚಿಕಿತ್ಸಾಲಯದ ಆಯ್ಕೆ

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಸೌಂದರ್ಯ ಚಿಕಿತ್ಸಾಲಯಗಳು ಗಂಗ್ನಮ್ ಪ್ರದೇಶದಲ್ಲಿ ದಟ್ಟವಾಗಿವೆ. ಜನಸಂದಣಿಯಿಲ್ಲದ ಬಡಾವಣೆಗಳಲ್ಲಿ ಬಾಡಿಗೆಯೊಡನೆ ಚಿಕಿತ್ಸೆಯ ದರವೂ ಇಳಿಯಬಹುದು. ಆದರೆ ಅಗ್ಗದ ದರವಾಗಲಿ, ಪ್ರಶಾಂತ ಪರಿಸರವಾಗಲಿ ಅರ್ಹತೆಗೆ ಸಾಕ್ಷಿಯಲ್ಲ. ವ್ಯಾಪಾರ ನಿಮಿತ್ತ ತೆರಳಿದಾಗ ಚಿಕಿತ್ಸೆ ಬಯಸುವವರು ಮೂರು ಅಂಶಗಳನ್ನು ಪರಿಶೀಲಿಸತಕ್ಕದ್ದು.

ಮೊದಲನೆಯದು ನೋಂದಣಿ. ವಿದೇಶಿ ರೋಗಿಗಳನ್ನು ಆಕರ್ಷಿಸುವ ಸಂಸ್ಥೆಗಳಿಗೆ 2009ರಿಂದ ಸರ್ಕಾರಿ ನೋಂದಣಿ ಕಡ್ಡಾಯ.

ಎರಡನೆಯದು ವೈದ್ಯರು. ಅಲ್ಲಿ ತಜ್ಞರಲ್ಲದ ವೈದ್ಯರೂ ಈ ಚಿಕಿತ್ಸೆ ನೀಡಬಹುದಾದ್ದರಿಂದ ಶಸ್ತ್ರಕ್ರಿಯೆ ನಡೆಸುವವರ ಹೆಸರು ಹಾಗೂ ಅರ್ಹತೆಯನ್ನು ಲಿಖಿತವಾಗಿ ಪಡೆಯಬೇಕು. ಪ್ರಜ್ಞೆ ತಪ್ಪಿಸಿ ನಡೆಸುವ ಶಸ್ತ್ರಕ್ರಿಯೆಯ ಕೊಠಡಿಗಳಲ್ಲಿ 2023ರ ಸೆಪ್ಟೆಂಬರ್ 25ರಿಂದ ಕ್ಯಾಮೆರಾ ಕಡ್ಡಾಯ. ಚಿತ್ರೀಕರಣವನ್ನು ರೋಗಿ ಅಥವಾ ಅವರ ಪಾಲಕರು ಕೋರಬೇಕು.

ಮೂರನೆಯದು ಕಾಲಾವಕಾಶ. ಹೊಲಿಗೆ ಬಿಚ್ಚಿ, ಮರುತಪಾಸಣೆ ಮುಗಿದ ಬಳಿಕವೇ ಮರುಪ್ರಯಾಣ ನಿಗದಿಯಾಗಬೇಕು.

ಕರಾರನ್ನು ಓದದೆ ಸರಕಿಗೆ ಮುಂಗಡ ನೀಡದ ವರ್ತಕರು ಸ್ವಂತ ದೇಹದ ವಿಷಯದಲ್ಲಿಯೂ ಅದೇ ಎಚ್ಚರ ವಹಿಸುವುದು ಲೇಸು.